ರವಿಕೆ ಲೆಕ್ಕದ ರಿವ್ಯೂ

ಆಗ ನನಗೆ ಅರವತ್ತೊಂದು. ಇದು ಹದಿನೆಂಟು ವರ್ಷದ ಹಿಂದಿನ ಸಂಗತಿ. ಕೊಚ್ಚಿ ಹತ್ತಿರದ ಕಳಮಶ್ಶೇರಿಯಲ್ಲಿ ರಸ್ತೆ ಬದಿಯ ಒಂದು ಕೋಣೆಯಲ್ಲಿ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೆ. ನನ್ನ ಊರು ಕಾಸರಗೋಡು ಕಡೆ. ಗಂಡನಿಗೆ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸವೆಂದು ಬಂದವಳು. ಅವರು ತೀರಿಕೊಂಡ ಮೇಲೂ ಮಿಷನ್ ಇದ್ದಲ್ಲೇ ಇತ್ತು, ನಾನೂ ಇದ್ದೆ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡ ಕೂಡಿಸಿಕೊಂಡು ಓದುತ್ತೇನೆ, ಮಲಯಾಳ ಮಾತಾಡುತ್ತೇನೆ, ಇಂಗ್ಲಿಷ್ ಇಲ್ಲ. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ.

ಮೇಲಿನ ಕೋಣೆಗೆ ಮೈಸೂರಿನ ಒಬ್ಬಳು ಹುಡುಗಿ ಬಾಡಿಗೆಗೆ ಬಂದಿದ್ದಳು. ಐಟಿ ಪಾರ್ಕಿನಲ್ಲಿ ಕೆಲಸ. ಒಂದು ಭಾನುವಾರ ರವಿಕೆ ಬಟ್ಟೆ ಹಿಡಿದುಕೊಂಡು ಇಳಿದು ಬಂದಳು. ನಾನು ಟೇಪಿನಲ್ಲಿ ಅಳತೆ ತೆಗೆದು, ಮರದ ಸ್ಕೇಲು ಇಟ್ಟು ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಕತ್ತರಿ ಹಾಕಿದೆ. ಕಾಗದದ ಮೇಲೆ ಬರೆದುಕೊಳ್ಳುವ ಅಭ್ಯಾಸ ನನಗಿಲ್ಲ. ಅವಳು ನೋಡುತ್ತ ನಿಂತಳು.

“ಆಂಟಿ, ಈ ಲೆಕ್ಕ ಎಲ್ಲಾ ತಲೇಲೇ ಇದ್ಯಾ?”

“ಮತ್ತೆ ಎಲ್ಲಿರುದು?”

“ನಂಗೆ ಹೇಳಿ. ಬರ್ಕೋತೀನಿ.”

“ಎಂತಕ್ಕೆ? ನಿಂಗೆ ಹೊಲಿಲಿಕ್ಕುಂಟಾ?”

“ನಂಗಲ್ಲ. ಕಂಪ್ಯೂಟರ್‌ಗೆ ಹೇಳ್ಕೊಡ್ತೀನಿ.”

ಹೇಳಿದೆ. ನನಗೇನೂ ನಷ್ಟವಿರಲಿಲ್ಲ. ಸಂಜೆ ಕೆಲಸದಿಂದ ಬಂದು ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದಳು. ಎದೆಯ ಸುತ್ತಳತೆಯನ್ನು ನಾಲ್ಕು ಭಾಗ ಮಾಡಿ ಒಂದೂಕಾಲು ಇಂಚು ಕೂಡಿಸಬೇಕು. ಹೊಲಿಗೆಗೂ ಸಡಿಲಕ್ಕೂ ಸೇರಿ ಅಷ್ಟು ಸಾಕು. ಉದ್ದ ಎಷ್ಟು ಬಂತೋ ಅಷ್ಟೇ ಕತ್ತರಿಸಬೇಕು. ಬೇರೆ ದರ್ಜಿಗಳು ಕೆಳಗಿನ ಮಡಿಕೆಗೆಂದು ಒಂದು ಇಂಚು ಜಾಸ್ತಿ ಬಿಡುತ್ತಾರೆ. ನಾನು ಬಿಡುವುದಿಲ್ಲ, ಆದರೂ ಉದ್ದ ಸರಿಯಾಗಿಯೇ ಬರುತ್ತದೆ, ಬಟ್ಟೆ ಉಳಿಯುತ್ತದೆ. ಇದು ನನ್ನ ಕೈಯ ಗುಣ ಎಂದು ಅವಳಿಗೆ ಬೀಗಿಕೊಂಡೇ ಹೇಳಿದ್ದೆ. ಕುತ್ತಿಗೆಗೆ ಮಾತ್ರ ನಾನು ಟೇಪು ಹಿಡಿಯುವವಳಲ್ಲ, ಬೆರಳಿನ ಲೆಕ್ಕ. ಬೆರಳನ್ನು ಕಂಪ್ಯೂಟರಿಗೆ ಹೇಳುವುದು ಹೇಗೆ ಎಂದು ಅವಳು ತನ್ನ ಸ್ಕೇಲು ತಂದು ನನ್ನ ಬೆರಳುಗಳನ್ನೇ ಅಳೆದು ಇಂಚು ಮಾಡಿಕೊಂಡಳು.

ಅದನ್ನೆಲ್ಲ ಸೇರಿಸಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಣ್ಣ ಲೈಬ್ರರಿ ಮಾಡಿದಳು. ಪುಸ್ತಕದ ಲೈಬ್ರರಿಯಲ್ಲ. ಬೇರೆ ಪ್ರೋಗ್ರಾಮುಗಳು ಕೇಳಿದಾಗ ಒಂದು ಕೆಲಸ ಮಾಡಿಕೊಡುವ ಕಟ್ಟು ಅದು. ಅಳತೆ ಕೊಟ್ಟರೆ ರವಿಕೆ ಕತ್ತರಿಸುವ ಚಿತ್ರವನ್ನೂ, ಅಂಕಿ ಹೇಗೆ ಬಂತೆಂಬ ಲೆಕ್ಕವನ್ನೂ ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತಿತ್ತು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಸರಿ ಬರುತ್ತದೆಯೇ ಎಂದು ನೋಡಲು ನನ್ನ ಆರು ಗಿರಾಕಿಗಳ ಅಳತೆಯನ್ನೂ ಅವರಿಗೆ ಸರಿಯಾಗಿ ಕೂತ ರವಿಕೆಗಳನ್ನು ಕತ್ತರಿಸಿದ ಅಂಕಿಗಳನ್ನೂ ಒಳಗೆ ಹಾಕಿಟ್ಟಿದ್ದಳು. ಪ್ರತಿ ಸಲವೂ ಅದು ಆ ಆರು ಲೆಕ್ಕ ತಾನೇ ಮಾಡಿ ತಾನೇ ತಾಳೆ ನೋಡುತ್ತಿತ್ತು. ಆರೂ ಸರಿ ಬರುತ್ತಿತ್ತು.

ತೊಡಕು ಶುರುವಾದದ್ದು ಅದನ್ನು ಬೇಕಾದವರಿಗೆ ಮುಟ್ಟಿಸುವಲ್ಲಿ. ತಿರುವನಂತಪುರದ ಚಾಲೈ ಪೇಟೆಯ ಹಿಂದೆ ಹೆಂಗಸರಿಗೆ ಹೊಲಿಗೆ ಕಲಿಸುವ ಒಂದು ಕ್ಲಾಸಿತ್ತು. ಕತ್ತರಿಸುವುದನ್ನು ಕಲಿಸುತ್ತಿದ್ದ ಟೀಚರು ಬಿಟ್ಟುಹೋಗಿದ್ದರು, ಹೊಸಬರು ಸಿಕ್ಕಿರಲಿಲ್ಲ. ಕಂಪ್ಯೂಟರುಗಳು ಇದ್ದವು. ನಮ್ಮ ಕಾಗದ ಅಲ್ಲಿ ಅಚ್ಚಾದರೆ ಅದನ್ನೇ ನೋಡಿ ಕಲಿಯಬಹುದು. ಆದರೆ ಆ ಕಂಪ್ಯೂಟರುಗಳಿಗೆ ಹೋಗುವುದು ಒಂದು ಪಟ್ಟಿಗೆ ಸೇರಿದ ಪ್ಯಾಕೇಜುಗಳು, ಎಂದರೆ ನಮ್ಮದರಂಥ ಕಟ್ಟುಗಳು ಮಾತ್ರ. ಆ ಪಟ್ಟಿ ಆರು ತಿಂಗಳಿಗೊಮ್ಮೆ ಮುಚ್ಚುತ್ತದೆ. ಈ ಸಲದ್ದು ಮುಚ್ಚಲು ಮೂರು ವಾರವಿತ್ತು. ತಪ್ಪಿದರೆ ಈಗ ಕಲಿಯಲು ಬಂದವರ ಕೋರ್ಸೇ ಮುಗಿದಿರುತ್ತದೆ, ಕತ್ತರಿಸಲು ಕಲಿಯದೆಯೇ ಮನೆಗೆ ಹೋಗುತ್ತಾರೆ.

ಪಟ್ಟಿಗೆ ಸೇರಬೇಕಾದರೆ ಒಂದು ರೆಸಿಪಿ ಬರೆದು ಕೊಡಬೇಕು. ಹುಡುಗಿ ಅದನ್ನು ಹಾಗೆಯೇ ಕರೆಯುತ್ತಿದ್ದಳು. ಒಂದೇ ಪುಟದ್ದು. ವಸ್ತು ಎಲ್ಲಿಂದ ತರಬೇಕು, ಜೊತೆಗೆ ಇನ್ನೇನು ಬೇಕು, ಹೇಗೆ ಕಟ್ಟಬೇಕು, ಯಾವುದನ್ನು ಎಲ್ಲಿಡಬೇಕು, ಯಾರದ್ದು, ಯಾವ ಷರತ್ತಿನದ್ದು ಎಂದೆಲ್ಲ ಅದರಲ್ಲಿರಬೇಕು. ಬರೆದವರೇ ಪಾಸು ಮಾಡುವಂತಿಲ್ಲ. ಬೇರೆಯವರು ಒಂದೊಂದೇ ಸಾಲು ರಿವ್ಯೂ ಮಾಡಿ ಒಪ್ಪಿಗೆ ಬರೆಯಬೇಕು. ನಮ್ಮ ಪಾಲಿಗೆ ಬಂದವರು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಆಫೀಸಿನಲ್ಲಿದ್ದ, ಧಾರವಾಡ ಕಡೆಯ ಒಬ್ಬರು. ಆಫೀಸಿನ ಕೆಲಸವಲ್ಲ, ಬಿಡುವಿನಲ್ಲಿ ಮಾಡುತ್ತಿದ್ದರು. ಆ ಹೊಲಿಗೆ ಕ್ಲಾಸಿನ ಕಂಪ್ಯೂಟರು ನೋಡಿಕೊಳ್ಳುತ್ತಿದ್ದವರೂ ಅವರೇ.

ಮೊದಲ ಸಲ ಅವರು ಅದನ್ನು ಹಿಂದಕ್ಕೆ ಕಳಿಸಿದ್ದು ನನ್ನ ದೆಸೆಯಿಂದ. ಲೆಕ್ಕ ಒಬ್ಬರದ್ದು, ಪ್ರೋಗ್ರಾಂ ಇನ್ನೊಬ್ಬರದ್ದು. ಲೆಕ್ಕ ಹೇಳಿದವರ ಒಪ್ಪಿಗೆ ಎಲ್ಲಿದೆ ಎಂದು ಕೇಳಿದ್ದರು.

“ನಿಮ್ ಹೆಸ್ರು ಹಾಕ್ಬೇಕಂತೆ ಆಂಟಿ. ಎಲ್ರಿಗೂ ಕೊಡೋಕೆ ಒಪ್ಗೆ ಇದೆ ಅಂತ ಸಹಿ ಮಾಡ್ಬೇಕು.”

“ಹೆಸರು ಹಾಕಿದ್ರೆ ಎಂತ ಆಗ್ತದೆ?”

“ಏನೂ ಆಗಲ್ಲ. ತಪ್ಪಿದ್ರೆ ಜನ ನಿಮ್ಮನ್ನ ಬೈಕೋತಾರೆ.”

“ತಪ್ಪಿದ್ರೆ ಅಲ್ವಾ” ಎಂದು ಸಹಿ ಹಾಕಿದೆ.

ಎರಡನೆಯ ಸಲ ಹಿಂದಕ್ಕೆ ಬಂದದ್ದು ಹುಡುಗಿಯ ತಪ್ಪಿನಿಂದ. ಅವಳ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಇನ್ನೊಂದು ಲೈಬ್ರರಿ ಮೊದಲೇ ಇತ್ತು. ಅದಿಲ್ಲದೆ ನಮ್ಮದು ನಡೆಯುವುದಿಲ್ಲ. ಆದರೆ ‘ಜೊತೆಗೆ ಬೇಕಾದದ್ದು’ ಎನ್ನುವ ಸಾಲಿನಲ್ಲಿ ಅದನ್ನು ಬರೆದಿರಲಿಲ್ಲ. ತಿರುವನಂತಪುರದವರು ಏನೂ ಹಾಕದ ಬರಿಯ ಕಂಪ್ಯೂಟರಿನಲ್ಲಿ, ರೆಸಿಪಿಯಲ್ಲಿ ಬರೆದದ್ದನ್ನಷ್ಟೇ ತಂದು ಕಟ್ಟಿ ನೋಡಿದ್ದರು. ಅರ್ಧಕ್ಕೆ ನಿಂತಿತು.

ಹುಡುಗಿ ಮುಖ ಸಣ್ಣ ಮಾಡಿಕೊಂಡು ಇಳಿದು ಬಂದಳು. ನಾನು ಬಿಡಲಿಲ್ಲ.

“ನಿನ್ನ ಮನೆಯಲ್ಲಿ ಉಂಟು ಅಂತ ಎಲ್ಲರ ಮನೆಯಲ್ಲೂ ಉಂಟಾ ಮಾರಾಯ್ತಿ? ಓದಿದವಳು ನೀನು.”

“ಆಯ್ತು ಆಂಟಿ, ಒಂದು ಸಾಲು ಬಿಟ್ಟೋಯ್ತು. ಸೇರಿಸ್ದೆ.”

“ಒಂದು ಸಾಲಿಗೇ ಒಂದು ವಾರ ಹೋಯ್ತು.”

ಸೇರಿಸಿದ ಮೇಲೆ ಪೂರ್ತಿ ಕಟ್ಟಿತು, ಆರು ಲೆಕ್ಕವೂ ಅಲ್ಲಿ ಸರಿ ಬಂತು. ಇನ್ನು ಒಪ್ಪಿಗೆ ಬರೆಯುವುದಷ್ಟೇ ಬಾಕಿ ಎಂದು ಹುಡುಗಿ ಹೇಳಿದಳು. ಆದರೆ ರಿವ್ಯೂ ಮಾಡುತ್ತಿದ್ದವರ ಹೆಂಡತಿ ಅಡ್ಡ ಬಂದರು. ಆ ಮನೆಯಲ್ಲೂ ಒಂದು ಮಿಷನ್ ಇತ್ತು. ಬರೀ ಕಾಗದ ನೋಡಿ ಪಾಸು ಮಾಡುವುದೇನು, ಹೊಲಿದು ನೋಡಬೇಡವೇ ಎಂದು ಗಂಡನನ್ನು ಕೇಳಿದರಂತೆ. ತಮ್ಮದೇ ಅಳತೆ ಕೊಟ್ಟು, ಅಚ್ಚಾಗಿ ಬಂದ ಕಾಗದದ ಪ್ರಕಾರ ಒಂದು ಒಳ್ಳೆಯ ಇಳಕಲ್ ಖಣ ಕತ್ತರಿಸಿ ಹೊಲಿದರು. ಆಮೇಲೆ ಫೋನ್ ಮಾಡಿದರು. ಹುಡುಗಿ ನನ್ನ ಕೈಗೆ ಕೊಟ್ಟಳು.

“ನಮಸ್ಕಾರ್ರೀ ಅಕ್ಕಾರ. ನಿಮ್ಮ ಕಾಗದ ನೋಡಿ ಕುಪ್ಪಸ ಹೊಲ್ದೇನಿ. ಹಾಕ್ಕೊಂಡ್ರ ಉಸಿರು ಬಿಡಾಕ ಆಗವಲ್ದು. ಸುತ್ತ ಒಂದಿಂಚು ಬಿಗಿ, ಕೆಳಗ ಒಂದಿಂಚು ಗಿಡ್ಡ.”

“ಅಳತೆ ಬಿಗಿ ಹಿಡಿದಿರ್ತೀರಿ ನೀವು.”

“ಇಪ್ಪತ್ತು ವರ್ಷದಿಂದ ನನ್ನ ಕುಪ್ಪಸ ನಾನ ಹೊಲ್ಕೋತೇನ್ರೀ. ನನ್ನ ಮೈ ಅಳತಿ ನನಗ ಗೊತ್ತಿಲ್ಲೇನು?”

“ಕುತ್ತಿಗೆ ಹೇಗೆ ಬಂದದೆ?”

“ಕುತ್ತಗಿ ಛಲೋ ಕೂತೈತಿ. ಅದೊಂದ ನೋಡ್ರಿ ಸರಿ.”

ನಾನು ಫೋನ್ ಇಟ್ಟೆ. ನನ್ನ ರವಿಕೆ ಬಿಗಿ ಎಂದು ಅಷ್ಟು ವರ್ಷದಲ್ಲಿ ಯಾರೂ ಹೇಳಿದ್ದಿಲ್ಲ. ಆಯಮ್ಮನಿಗೆ ಅಳತೆ ತೆಗೆಯಲು ಬರುವುದಿಲ್ಲವೆಂದು ಹುಡುಗಿಗೆ ಹೇಳಿದೆ.

ಅವಳು ನಾಲ್ಕು ದಿನ ಹುಡುಕಿದಳು. ಮೊದಲು ಭಾಗಾಕಾರ ನೋಡಿದಳು. ಕಾಲು, ಅರೆ ಇಂಚುಗಳನ್ನು ಕಂಪ್ಯೂಟರು ನುಂಗುತ್ತಿದೆಯೇ ಎಂದು ನೋಡಿದಳು. ಪ್ರಿಂಟರು ಚಿತ್ರವನ್ನು ಕುಗ್ಗಿಸುತ್ತಿರಬಹುದೆಂದು ಹತ್ತು ಇಂಚಿನ ಒಂದು ಗೆರೆ ಅಚ್ಚು ಹಾಕಿಸಿ ತನ್ನ ಸ್ಕೇಲಿನಲ್ಲಿ ಅಳೆದಳು. ಹತ್ತೇ ಇತ್ತು. ಎಲ್ಲೂ ತಪ್ಪು ಸಿಗಲಿಲ್ಲ. ತಿರುವನಂತಪುರದವರು ಬರೆದರು: ಆರು ಪರೀಕ್ಷೆಗಳೂ ಒಂದೇ ಕಡೆಯಿಂದ ಬಂದವು, ಹೊರಗಿನದ್ದು ಒಂದೂ ಇಲ್ಲ; ಹೊರಗಿನ ಮೊದಲ ಅಳತೆಯೇ ತಪ್ಪಿದೆ. ಕಾರಣ ತಿಳಿಯುವವರೆಗೆ ಒಪ್ಪಿಗೆ ಇಲ್ಲ.

ಅಂದು ಶನಿವಾರ. ಪಟ್ಟಿ ಮುಚ್ಚುವುದು ಬುಧವಾರ ಸಂಜೆ.

“ಬಿಟ್ಬಿಡೋಣ ಆಂಟಿ” ಎಂದಳು ಹುಡುಗಿ. “ಮುಂದಿನ ಸಲ ನೋಡಿದ್ರಾಯ್ತು.”

“ನಾಳೆ ರೈಲಿಗೆ ಹೋಗುವ. ಆಯಮ್ಮನ ಅಳತೆ ನಾನೇ ತೆಗೀತೇನೆ. ತಪ್ಪು ಯಾರದ್ದು ಅಂತ ಅಲ್ಲೇ ಗೊತ್ತಾಗ್ತದೆ.”

ಭಾನುವಾರ ಬೆಳಿಗ್ಗೆ ಎರ್ನಾಕುಳಂನಿಂದ ರೈಲು ಹತ್ತಿದೆವು. ನನ್ನ ಚೀಲದಲ್ಲಿ ಟೇಪು, ಚಾಕ್‌ಪೀಸು ಎರಡು, ಮನೆಯ ಕತ್ತರಿ. ಹುಡುಗಿ ದಾರಿಯುದ್ದಕ್ಕೂ ಪ್ರೋಗ್ರಾಮಿನ ಕಾಗದ ನೋಡುತ್ತಿದ್ದಳು. ನಾನು ನಿದ್ದೆ ಮಾಡಿದೆ.

ಅವರದ್ದು ಆಫೀಸಿನ ಕ್ವಾರ್ಟರ್ಸು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಗಟ್ಟಿ ಆಳು. ಕುಪ್ಪಸ ತಂದು ತೋರಿಸಿದರು. ಹೊಲಿಗೆ ಶುದ್ಧವಾಗಿತ್ತು, ಅದರಲ್ಲಿ ನನಗೆ ಹಿಡಿಯಲು ಏನೂ ಸಿಗಲಿಲ್ಲ.

ಟೇಪು ತೆಗೆದು ಅವರ ಎದೆಗೆ ಸುತ್ತಿದೆ.

“ಮೂವತ್ತೇಳು” ಎಂದೆ.

“ಮೂವತ್ತಾರ್ರೀ.”

ಪುನಃ ಹಿಡಿದೆ. “ಮೂವತ್ತೇಳು. ನೀವು ಉಸಿರು ತಗೊಂಡ್ರಿ.”

“ಅಳತಿ ಕೊಡೂಮುಂದ ಉಸಿರು ಬಿಟ್ಟು ಸಾಯ್ಲೇನ್ರೀ?” ಎಂದು ಅವರು ತಮ್ಮ ಟೇಪು ತಂದರು. ಚಾಲೈನಲ್ಲಿ ತೆಗೆದುಕೊಂಡ ಹೊಸ ನೀಲಿ ಟೇಪು. ನನ್ನೆದುರಿಗೇ ಸುತ್ತಿ ತೋರಿಸಿದರು. ಮೂವತ್ತಾರು. ಆಮೇಲೆ ಎರಡು ಟೇಪನ್ನೂ ಮಂಚದ ಮೇಲೆ ಪಕ್ಕಪಕ್ಕ ಹಾಸಿದರು. ಅರವತ್ತರ ತುದಿಯನ್ನು ಸರಿಯಾಗಿ ಕೂಡಿಸಿ ಎಳೆದರು. ಈಚೆಯ ತುದಿಯಲ್ಲಿ ಅವರದ್ದು ಒಂದು ಇಂಚು ಮುಂದೆ ಬಂದಿತ್ತು.

ನನ್ನ ಟೇಪಿನಲ್ಲಿ ಕಾಣುವ ಮೊದಲ ಅಂಕಿ ಎರಡು.

ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಬಹಳ ವರ್ಷದ ಹಿಂದೆ ಕೆಂಡದ ಇಸ್ತ್ರಿಪೆಟ್ಟಿಗೆ ತಾಗಿ ಟೇಪಿನ ತುದಿ ಸುಟ್ಟಿತ್ತು. ಸುಟ್ಟದ್ದನ್ನು ಒಂದರ ಗೆರೆಗೆ ಸರಿಯಾಗಿ ನಾನೇ ಕತ್ತರಿಸಿ ಹಾಕಿದ್ದೆ. ಹೊಸದು ತರುವವರೆಗೆ ಒಂದು ಕಳೆದು ಲೆಕ್ಕ ಹಿಡಿದರಾಯಿತು ಎಂದುಕೊಂಡಿದ್ದೆ. ಹೊಸದು ತರಲಿಲ್ಲ, ಕಳೆಯುವುದು ಮರೆತುಹೋಯಿತು. ರವಿಕೆ ದೊಗಲೆ ಎಂದು ಗಿರಾಕಿಗಳು ಹೇಳಿದಾಗ, ಕೂಡಿಸುತ್ತಿದ್ದ ಒಂದೂವರೆ ಇಂಚನ್ನು ಒಂದೂಕಾಲಿಗೆ ಇಳಿಸಿದೆ. ಉದ್ದ ಜಾಸ್ತಿ ಎಂದಾಗ ಮಡಿಕೆಗೆ ಬಿಡುತ್ತಿದ್ದ ಇಂಚು ಬಿಡುವುದನ್ನು ನಿಲ್ಲಿಸಿದೆ. ಇಳಿಸಿದ್ದು ನೆನಪಿತ್ತು, ಯಾಕೆ ಇಳಿಸಿದೆ ಎಂಬುದು ನೆನಪಿರಲಿಲ್ಲ. ಬಟ್ಟೆಗೆ ಗೆರೆ ಹಾಕುವ ಮರದ ಸ್ಕೇಲು ಪೂರ್ತಿ ಇತ್ತು. ಮೈಗೆ ಒಂದು ಇಂಚು ಸುಳ್ಳು, ಬ‌ಟ್ಟೆಗೆ ನಿಜ. ಎರಡರ ನಡುವೆ ನನ್ನ ಲೆಕ್ಕ ಸರಿಯಾಗಿ ಕೂತಿತ್ತು. ಹುಡುಗಿ ಒಳಗೆ ಹಾಕಿದ್ದ ಆರು ಪರೀಕ್ಷೆಗಳೂ ಅದೇ ಟೇಪಿನವು, ಅದಕ್ಕೇ ಒಂದೂ ತಪ್ಪಲಿಲ್ಲ. ಬೆರಳನ್ನು ಅವಳು ತನ್ನ ಸ್ಕೇಲಿನಲ್ಲಿ ಅಳೆದದ್ದರಿಂದ ಕುತ್ತಿಗೆ ಮಾತ್ರ ಎಲ್ಲೆಡೆ ಸರಿ ಬಂತು. ಬಟ್ಟೆ ಉಳಿಸುವ ನನ್ನ ಕೈಯ ಗುಣ ಎಂದರೆ ಇಷ್ಟೇ. ಒಂದು ತುಂಡು ಬಟ್ಟೆಯನ್ನೂ ನಾನು ಉಳಿಸಿರಲಿಲ್ಲ.

ಹುಡುಗಿ ಟೇಪನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

“ಹೇಳು” ಎಂದೆ. “ನಿನ್ನ ಮನೆಯಲ್ಲಿ ಉಂಟು ಅಂತ ಎಲ್ಲರ ಮನೆಯಲ್ಲೂ ಉಂಟಾ ಅಂತ ಹೇಳು. ನಾನು ನಿಂಗೆ ಹೇಳಿದ್ದಲ್ವಾ.”

“ನಾನೇನೂ ಅನ್ಲಿಲ್ಲ ಆಂಟಿ.”

ರಿವ್ಯೂ ಮಾಡುತ್ತಿದ್ದವರು ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತಿದ್ದರು. ಮೆತ್ತಗಿನ ಮನುಷ್ಯ. ಈಗ ಎದ್ದು ಬಂದರು.

“ಚಿಂತಿ ಮಾಡಬ್ಯಾಡ್ರಿ ಅಮ್ಮಾರ. ಭಾಳ ಹಗುರದ ಕೆಲಸ. ಅಳತಿ ಒಳಗ ಬಂದ ಕೂಡ್ಲೇ ಪ್ರೋಗ್ರಾಂ ಗುಪ್ತವಾಗಿ ಒಂದು ಕೂಡಿಸ್ಕೊಂಡ್ರ ಆತು. ಒಂದ ಸಾಲು. ನಿಮ್ಮ ಲೆಕ್ಕ ಹಂಗ ಇರ್ತೈತಿ, ರವಿಕಿ ಸರಿ ಬರ್ತೈತಿ. ಇವತ್ತ ಒಪ್ಪಿಗಿ ಬರಿತೇನಿ.”

ಹುಡುಗಿಯ ಮುಖ ಅರಳಿತು. “ಹೌದು ಆಂಟಿ. ‘ಹಳೇ ಅಳತೆ ತಿದ್ದಲಾಗಿದೆ’ ಅಂತ ಒಂದು ಷರಾ ಹಾಕಿದ್ರೆ ಸಾಕು. ಟೇಪ್ ವಿಷ್ಯ ಯಾರಿಗೂ ಗೊತ್ತಾಗೋದೇ ಬೇಡ.”

ಅವರು ಕೊಟ್ಟ ನೀರು ಕುಡಿದೆ. ಸುಲಭವಿತ್ತು, ಸುಳ್ಳಿಲ್ಲ. ಆದರೆ ಕಾಗದದಲ್ಲಿ ಚಿತ್ರದ ಪಕ್ಕ ಲೆಕ್ಕವೂ ಅಚ್ಚಾಗುತ್ತದೆ. ಆ ಕ್ಲಾಸಿನ ಹೆಂಗಸರು ಕಲಿಯುವುದು ಆ ಲೆಕ್ಕವನ್ನು. ನಾಲ್ಕು ಭಾಗ ಮಾಡು, ಒಂದೂಕಾಲು ಕೂಡಿಸು, ಮಡಿಕೆಗೆ ಬಿಡಬೇಡ. ಕೋರ್ಸು ಮುಗಿಸಿ ಮನೆಗೆ ಹೋದ ಮೇಲೆ ಅವರ ಹತ್ತಿರ ಕಂಪ್ಯೂಟರು ಇರುವುದಿಲ್ಲ, ಪೂರ್ತಿ ಟೇಪು ಇರುತ್ತದೆ. ಮೊದಲ ಗಿರಾಕಿಯ ಬಟ್ಟೆಯೇ ಕೆಡುತ್ತದೆ. ಕೆಟ್ಟ ಮೇಲೆ ಆ ಗಿರಾಕಿ ಇನ್ನೊಮ್ಮೆ ಬರುವುದಿಲ್ಲ.

“ಒಂದು ಸಾಲು ಬೇಡ” ಎಂದೆ. “ಲೆಕ್ಕವನ್ನೇ ಬದಲಿಸಿ. ಒಂದೂವರೆ ಕೂಡಿಸ್ಬೇಕು, ಮಡಿಕೆಗೆ ಒಂದಿಂಚು ಬಿಡ್ಬೇಕು. ತೋಳಿಗೂ ಹಾಗೇ. ಆ ಆರು ಜನರನ್ನು ಹೊಸ ಟೇಪಿನಲ್ಲಿ ಪುನಃ ಅಳೆದು ಕೊಡ್ತೇನೆ. ಹಳೆಯದ್ದೆಲ್ಲ ತೆಗೆದು ಹಾಕಿ.”

“ಬುಧವಾರದೊಳಗ ಆಗ್ತೈತೇನ್ರೀ?” ಎಂದರು ಅವರು.

“ಆರು ಜನ, ಎರಡು ದಿನ. ಆಗ್ಬೇಕು. ಷರಾದಲ್ಲಿ ಟೇಪಿನ ಮೊದಲ ಇಂಚು ಇರ್ಲಿಲ್ಲ ಅಂತ ಬರೀರಿ. ಲೆಕ್ಕ ಬದಲಿದ್ದು ಯಾಕೆ ಅಂತ ನೋಡುವವರಿಗೆ ಗೊತ್ತಾಗ್ಬೇಕಲ್ಲ. ನಾನು ಮರೆತದ್ದೇ ಹಾಗೆ.”

“ನಿಮ್ ಹೆಸ್ರಿದೆ ಆಂಟಿ ಅದ್ರಲ್ಲಿ” ಎಂದಳು ಹುಡುಗಿ.

“ಉಂಟಲ್ಲ, ಅದಕ್ಕೇ.”

ಊಟಕ್ಕೆ ಮೊದಲು ಹಳೆಯ ಪೇಪರಿನಲ್ಲಿ ಹೊಸ ಲೆಕ್ಕದ ಪ್ರಕಾರ ಒಂದು ಕತ್ತರಿಸಿ, ಗುಂಡುಪಿನ್ನು ಚುಚ್ಚಿ, ಆಯಮ್ಮನ ಮೈಗೆ ಹಿಡಿದು ನೋಡಿದೆ. ಕಂಕುಳಲ್ಲಿ, ಬದಿಯಲ್ಲಿ, ಕೆಳಗೆ ಸರಿ ಇತ್ತು. ಹೊರಡುವಾಗ ಅವರು ತಮ್ಮ ನೀಲಿ ಟೇಪು ನನ್ನ ಚೀಲಕ್ಕೆ ಹಾಕಿದರು. “ಒಯ್ರಿ ಅಕ್ಕಾರ, ಇದರಾಗ ಒಂದು ಐತಿ” ಎಂದರು. ನಾನು ಕೆಟ್ಟ ಕುಪ್ಪಸವನ್ನೂ ಉಳಿದ ತುಂಡನ್ನೂ ಕೇಳಿ ತೆಗೆದುಕೊಂಡೆ.

ಸೋಮವಾರ ಕಳಮಶ್ಶೇರಿಯ ನಾಲ್ವರನ್ನು ಅಳೆದೆ. ಪ್ರತಿಯೊಬ್ಬರಿಗೂ ಕಾರಣ ಹೇಳಿದೆ. ಇಬ್ಬರು ಏನೂ ಕೇಳಲಿಲ್ಲ. ಕಾಲೇಜಿನಲ್ಲಿ ಗುಮಾಸ್ತೆಯಾಗಿದ್ದವಳು, ತಾನು ದಪ್ಪಗಾದೆನೆಂದು ಅಷ್ಟು ವರ್ಷ ಅನ್ನ ಬಿಟ್ಟದ್ದು ಸುಮ್ಮನೆಯೇ ಎಂದು ಬೈದಳು. ನಾಲ್ಕನೆಯವಳು ಮುಂದಿನ ರವಿಕೆಗೆ ಕೊಟ್ಟಿದ್ದ ಬಟ್ಟೆಯನ್ನು ವಾಪಸು ತೆಗೆದುಕೊಂಡು ಹೋದಳು. ಇನ್ನೊಬ್ಬಳು ನರ್ಸು, ಮಂಗಳವಾರ ಬೆಳಿಗ್ಗೆ ಡ್ಯೂಟಿ ಬಿಟ್ಟು ಬರುವಾಗ ಸಿಕ್ಕಿದಳು. ಕೊನೆಯವಳು ಫೋರ್ಟ್ ಕೊಚ್ಚಿಯ ಹೋಟೆಲಿನಲ್ಲಿ ಕೆಲಸದವಳು. ಬೋಟು ಹತ್ತಿ ಹೋದೆ. ಅಡುಗೆಮನೆಯ ಹಿಂಬಾಗಿಲಲ್ಲಿ ಕೈ ಎತ್ತಿ ನಿಂತಳು, ಮಲಯಾಳದಲ್ಲಿ ಕೇಳಿದಳು:

“ಚೇಚಿ, ಇಷ್ಟು ವರ್ಷ ನನ್ನ ಮೈಗೆ ಒಂದಿಂಚು ಜಾಸ್ತಿ ಹಾಕಿ ಊರಿಗೆಲ್ಲ ಹೇಳಿದ್ದಾ?”

“ಊರಿಗೆ ಹೇಳ್ಲಿಲ್ಲ. ಕಂಪ್ಯೂಟರಿಗೆ ಹೇಳಿದ್ದು. ಈಗ ತೆಗೆಸ್ತೇನೆ, ಅಲ್ಲಾಡಬೇಡ.”

ಅಂದು ಸಂಜೆ ಹುಡುಗಿ ಆರು ಜನರ ಅಂಕಿಗಳನ್ನು ಹಾಕಿದಳು, ಲೆಕ್ಕ ಬದಲಿಸಿದಳು. ತಿರುವನಂತಪುರದ ಹೆಂಡತಿಯ ಅಳತೆಯನ್ನು ಏಳನೆಯ ಪರೀಕ್ಷೆ ಮಾಡಿದಳು. ಷರಾ ಓದಿ ಹೇಳಿದಳು. ಅಳತೆ ಟೇಪಿಗೆ ಮೊದಲ ಇಂಚು ಇರಲಿಲ್ಲ, ಹಳೆಯ ಲೆಕ್ಕ ಆ ಟೇಪಿಗೆ ಮಾತ್ರ ಸರಿಯಾಗಿತ್ತು, ಎಲ್ಲರನ್ನೂ ಪೂರ್ತಿ ಟೇಪಿನಲ್ಲಿ ಪುನಃ ಅಳೆಯಲಾಗಿದೆ. ಸರಿ ಎಂದೆ. ಕಳಿಸಿದಳು.

ಬುಧವಾರ ಅವರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮತ್ತೆ ಬರಿಯ ಕಂಪ್ಯೂಟರಿನಲ್ಲಿ ಮೊದಲಿನಿಂದ ಕಟ್ಟಿ ನೋಡಿದರಂತೆ. ತಮ್ಮ ಹೆಂಡತಿಯದ್ದೇ ಅಳತೆ ಇದ್ದರೂ ಒಂದು ಸಾಲನ್ನೂ ನೋಡದೆ ಬಿಡಲಿಲ್ಲ. ನಾಲ್ಕು ಗಂಟೆಗೆ ಒಪ್ಪಿಗೆ ಬರೆದರು. ಪಟ್ಟಿ ಮುಚ್ಚುವ ಮೊದಲು ನಮ್ಮದು ಒಳಗೆ ಹೋಯಿತು. ಹುಡುಗಿ ಆಫೀಸಿನಿಂದಲೇ ಫೋನ್ ಮಾಡಿ ಹೇಳಿದಳು. ಆಯ್ತು, ಬರುವಾಗ ಸೂಜಿ ತಾ ಎಂದೆ.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದು, ಮೊದಲು ಆ ಇಳಕಲ್ ಕುಪ್ಪಸ ಮೇಜಿಗೆ ಹಾಕಿದೆ. ಬದಿಯ ಹೊಲಿಗೆ ಬಿಚ್ಚಿ ಒಳಗಿದ್ದ ಅಂಚಿನಿಂದ ಸುತ್ತ ಒಂದು ಇಂಚು ಸಡಿಲಿಸಿದೆ. ಕೆಳಗೆ ಉಳಿದ ತುಂಡಿನದ್ದೇ ಪಟ್ಟಿ ಜೋಡಿಸಿ ಒಂದು ಇಂಚು ಇಳಿಸಿದೆ. ನೀಲಿ ಟೇಪಿನಲ್ಲಿ ಅಳೆದು ನೋಡಿದೆ. ಇಸ್ತ್ರಿ ಮಾಡಿ, ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ತಿರುವನಂತಪುರದ ವಿಳಾಸವನ್ನು ಹುಡುಗಿಯಿಂದ ಬರೆಸಿದೆ. ಕಟ್ಟಲು ಹುರಿ ಇರಲಿಲ್ಲ. ಹಳೆಯ ಟೇಪನ್ನು ತೆಗೆದುಕೊಂಡು ಉದ್ದಕ್ಕೊಂದು ಅಡ್ಡಕ್ಕೊಂದು ಸುತ್ತು ಹಾಕಿ ಗಂಟು ಬಿಗಿದೆ. ಐವತ್ತೊಂಬತ್ತು ಇಂಚು, ಸಾಕಾಯಿತು. ಅಂಚೆ ಕಚೇರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿದ್ದೆ.